ಕುಡಿಯದವನ ತೀರ್ಪು

ಯಾವ ಚಟವೂ ಇಲ್ಲದ ಮನುಷ್ಯನನ್ನು ಜನ ಅವನ ಪಾಡಿಗೆ ಬಿಡುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಿಡುವುದಿಲ್ಲ. ಇಸ್ಪೀಟು ಆಡದವನನ್ನು ಅಂಕ ಬರೆಯಲು ಕೂರಿಸುತ್ತಾರೆ. ಸಿಗರೇಟು ಸೇದದವನ ಜೇಬಿನಲ್ಲಿ ತಮ್ಮ ಪ್ಯಾಕು ಬಚ್ಚಿಡುತ್ತಾರೆ. ಅಂಥದೊಂದು ಪ್ಯಾಕು ನನ್ನ ಕೋಟಿನಲ್ಲಿ ಸಿಕ್ಕಿ, ನನ್ನ ಹೆಂಡತಿ ಮೂರು ದಿನ ಮಾತು ಬಿಟ್ಟದ್ದೂ ಉಂಟು. ವಿಸ್ಕಿಯ ವಿಷಯಕ್ಕೆ ಬಂದಾಗ ನನ್ನನ್ನು ನ್ಯಾಯಾಧೀಶನನ್ನಾಗಿಯೇ ಮಾಡಿಬಿಟ್ಟರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಹುಣಸೂರಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಪಕ್ಕದ ಮನೆಯಲ್ಲಿ ಸುಬೇದಾರ್ ಪೊನ್ನಪ್ಪನವರಿದ್ದರು. ಸೈನ್ಯದಿಂದ ನಿವೃತ್ತರಾಗಿ, ಮಡಿಕೇರಿಯ ಚಳಿ ಮೊಣಕಾಲಿಗೆ ಒಗ್ಗದೆ ನಮ್ಮ ಕಡೆಗೆ ಬಂದು ನೆಲೆಸಿದವರು. ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಮೂವರು ಸೇರುತ್ತಿದ್ದೆವು. ನಾನು ಹೋಗುತ್ತಿದ್ದುದು ಅವರ ಹೆಂಡತಿ ಮುತ್ತಮ್ಮನವರ ಕಾಫಿಗಾಗಿ. ಮೂರನೆಯವರಾದ ಗುರುಪುರದ ಜವರೇಗೌಡರು ಬರುತ್ತಿದ್ದುದು ಸುಬೇದಾರರ ಜೊತೆ ವಾದ ಮಾಡುವುದಕ್ಕಾಗಿ. ಗೌಡರು ಹೊಗೆಸೊಪ್ಪು ಬೆಳೆಯುವವರು. ಎಲೆಯನ್ನು ಮೂಗಿನ ಹತ್ತಿರ ಹಿಡಿದೇ ಅದರ ದರ್ಜೆ ಹೇಳುತ್ತಿದ್ದರಾದ್ದರಿಂದ ತಮ್ಮ ಮೂಗಿನ ಬಗ್ಗೆ ಅವರಿಗೆ ದೊಡ್ಡ ಅಭಿಮಾನ.

ಸುಬೇದಾರರ ಬೀರುವಿನಲ್ಲಿ, ಪದಕಗಳ ಪಕ್ಕದಲ್ಲಿ, ಒಂದು ವಿದೇಶಿ ವಿಸ್ಕಿಯ ಸೀಸೆಯಿತ್ತು. ನಿವೃತ್ತಿಯ ದಿನ ಅವರ ಮೇಜರ್ ಸಾಹೇಬರು ಕೊಟ್ಟದ್ದು. ಎಂಟು ವರ್ಷದಿಂದ ಅದರ ಮುಚ್ಚಳ ತೆರೆದಿರಲಿಲ್ಲ. ಗಡಿಯ ಹಿಮದಲ್ಲಿ ಒಂದು ಬೆಳಗಿನ ಜಾವ ಮೇಜರ್ ಅದೇ ವಿಸ್ಕಿಯನ್ನು ತಮ್ಮ ತಗಡಿನ ಮಗ್ಗಿನಿಂದ ಇವರ ಮಗ್ಗಿಗೆ ಅರ್ಧ ಸುರಿದಿದ್ದರಂತೆ. ಆ ರುಚಿ ಇನ್ನೂ ನಾಲಗೆಯಿಂದ ಹೋಗಿಲ್ಲವಂತೆ. ಮೇಜರ್ ಈಗ ತೀರಿಕೊಂಡಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಹಿಮದ ಜಾಗ ಬಂದಾಗ ನನಗೇ ಚಳಿಯಾಗುತ್ತಿತ್ತು.

ಒಂದು ಭಾನುವಾರ ಗೌಡರಿಗೆ ಏನನ್ನಿಸಿತೋ, ಕಥೆಯ ಮಧ್ಯದಲ್ಲೇ ಬಾಯಿ ಹಾಕಿದರು. "ಸೀಸೆ ಅಂದವಾಗೈತೆ, ಒಪ್ತೀನಿ. ಒಳಗಿರೋದೂ ನಾನು ಕುಡಿಯೋದೂ ಒಂದೇ ಕಣ್ರೀ ಸುಬೇದಾರ್ರೇ. ಸಾಯೇಬ್ರು ಕೊಟ್ರು ಅಂತ ನಿಮ್ಗೆ ಅಂಗೆ ಕಾಣ್ತದೆ, ಅಷ್ಟೇಯ."

ಗೌಡರು ಕುಡಿಯುತ್ತಿದ್ದುದು ಪೇಟೆಯ ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಅಗ್ಗದ ವಿಸ್ಕಿ. ಸುಬೇದಾರರು, ಮುಂದಿನ ಭಾನುವಾರ ಸೀಸೆ ತೆರೆಯುವುದಾಗಿಯೂ, ಎರಡನ್ನೂ ಪಕ್ಕದಲ್ಲಿಟ್ಟರೆ ಮೊದಲ ಗುಟುಕಿಗೇ ತಮ್ಮದನ್ನು ಗುರುತಿಸುವುದಾಗಿಯೂ ಹೇಳಿದರು. "ತಪ್ಪಿದರೆ ಮೇಜರ್ ಸಾಹೇಬರ ಹೆಸರು ಇನ್ನು ನನ್ನ ಬಾಯಲ್ಲಿ ಬರೋದಿಲ್ಲ." ಗೌಡರೂ ಹಿಂದೆ ಸರಿಯುವವರಲ್ಲ. ಎರಡೂ ಬೇರೆ ಬೇರೆ ಎಂದು ಸಾಬೀತಾದರೆ ತಾವು ಈ ಜಗಲಿ ಹತ್ತುವುದಿಲ್ಲ ಎಂದರು. ಹಾಗೆಂದು ಇಬ್ಬರೂ ನನ್ನ ಕಡೆ ತಿರುಗಿದರು. ಕುಡಿಯುವವನಾದರೆ ಪಕ್ಷ ವಹಿಸುತ್ತಾನೆ, ನಾನು ಕುಡಿಯುವವನಲ್ಲ, ಸಾಲದ್ದಕ್ಕೆ ವಿಜ್ಞಾನದವನು.

ಆ ಒಂದು ವಾರ ನನಗೆ ಊಟ ಸೇರಲಿಲ್ಲ. ಯಾರು ಸೋತರೂ ಭಾನುವಾರಗಳು ಮುಗಿದವು. ಕಾಫಿಯೂ ಮುಗಿಯಿತು.

ಆ ದಿನ ಮುತ್ತಮ್ಮನವರ ಅಡುಗೆಮನೆಯಲ್ಲಿ ಎರಡು ಗ್ಲಾಸಿನ ಅಡಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಒಂದಕ್ಕೆ ಅದು, ಇನ್ನೊಂದಕ್ಕೆ ಇದು ಅಳೆದು ಸುರಿದೆ. ಸೀಸೆಗಳನ್ನು ಬೀರುವಿನೊಳಗಿಟ್ಟು ಬರುವಷ್ಟರಲ್ಲಿ ಮುತ್ತಮ್ಮನವರು ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. "ಅಡಿಯೆಲ್ಲ ಸುಣ್ಣ ಆಗಿತ್ತು ಮಾಷ್ಟ್ರೇ. ಚೆನ್ನಾಗಿ ಒರೆಸಿ ತಟ್ಟೆಯಲ್ಲಿ ಇಟ್ಟಿದ್ದೇನೆ."

ಯಾವುದು ಎಲ್ಲಿತ್ತು ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಎರಡರ ಬಣ್ಣವೂ ಒಂದೇ, ಹಳೆಯ ಟೀ ಡಿಕಾಕ್ಷನ್ನಿನದು. ಮೂಸಿದರೆ ಎರಡೂ ನಮ್ಮ ಪ್ರಯೋಗಶಾಲೆಯ ಸ್ಪಿರಿಟ್ ದೀಪದ ಹಾಗಿದ್ದವು. ಚೆಲ್ಲಿ ಹೊಸದಾಗಿ ಸುರಿಯೋಣವೆಂದರೆ ಮೇಜರ್ ಸಾಹೇಬರ ವಿಸ್ಕಿಯನ್ನು ಬಚ್ಚಲಿಗೆ ಸುರಿಯುವ ಧೈರ್ಯ ಯಾರಿಗಿದೆ? ಜಗಲಿಯಿಂದ "ಏನ್ ಮೇಷ್ಟ್ರೇ" ಎಂಬ ಗೌಡರ ದನಿ ಬಂತು. ಮುತ್ತಮ್ಮನವರು ಬೆನ್ನು ತಿರುಗಿಸಿದಾಗ ಎಡಗಡೆಯದರಿಂದ ಒಂದು ಚಮಚ, ಬಲಗಡೆಯದರಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಎರಡೂ ಬೆಂಕಿ. ಕಣ್ಣೊರೆಸಿಕೊಂಡು ತಟ್ಟೆಯನ್ನು ಹೇಗಿತ್ತೋ ಹಾಗೆಯೇ ಎತ್ತಿಕೊಂಡು ಹೋದೆ.

ಸುಬೇದಾರರು ಎರಡನ್ನೂ ಒಂದೊಂದು ಗುಟುಕು ಕುಡಿದು, ಎಡಗಡೆಯ ಗ್ಲಾಸನ್ನು ಮತ್ತೆ ಎತ್ತಿಕೊಂಡು ಕಣ್ಣು ಮುಚ್ಚಿದರು. ಅವರ ತುಟಿ ಅದುರಿತು. ಇದೇ ಎಂದರು. ಗೌಡರು ಎರಡನ್ನೂ ಮೂಸಿ, ನೆಕ್ಕಿ ನೋಡಿ, ತಮ್ಮ ವಾದವನ್ನು ಪೂರ್ತಿ ಮರೆತು, ಅದೇ ಎಡಗಡೆಯ ಗ್ಲಾಸನ್ನು ತೋರಿಸಿ, ಇದು ಮಾತ್ರ ತಮ್ಮದೇ, ಕತ್ತಲಲ್ಲಿ ಕೊಟ್ಟರೂ ಗೊತ್ತಾಗುತ್ತದೆ ಎಂದುಬಿಟ್ಟರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಗೊತ್ತಿಲ್ಲ ಎನ್ನುವುದೇ ಧರ್ಮವಾಗಿತ್ತು. ಆದರೆ ಸುಬೇದಾರರು ಇನ್ನೂ ಗ್ಲಾಸು ಕೆಳಗಿಟ್ಟಿರಲಿಲ್ಲ. "ಎಡಗಡೆಯದು ಮೇಜರ್ ಸಾಹೇಬರದು" ಎಂದೆ.

ಸುಬೇದಾರರು ಎದ್ದು ಒಳಗೆ ಹೋದರು. ಗೌಡರ ಮುಖ ಮೊದಲು ಇಳಿಯಿತು; ಅವರು ಚಪ್ಪಲಿ ಹುಡುಕಲು ಶುರುಮಾಡಿದರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು ಹಾಗೇ ನಿಂತರು. "ತಡೀರಿ ಮೇಷ್ಟ್ರೇ. ಫಾರಿನ್ ಸೀಸೇದನ್ನೇ ಅಲ್ವಾ ನಾನು ನಂದು ಅಂದಿದ್ದು? ಎಲ್ಲಾ ಒಂದೇ ಅಂತ ಮೊದ್ಲೇ ಯೋಳ್ಲಿಲ್ವಾ?" ಎಂದು ಚಪ್ಪಲಿ ಬಿಟ್ಟು ಮತ್ತೆ ಕುಳಿತರು. ಸುಬೇದಾರರೂ ಮುಖ ತೊಳೆದು ಬಂದರು. ತಾವು ಗೆದ್ದದ್ದಂತೂ ಖಚಿತವಾಗಿದ್ದರಿಂದ ಗೌಡರ ವಾದಕ್ಕೆ ಅವರು ಅಡ್ಡ ಬರಲಿಲ್ಲ. ಒಂದೇ ಸುಳ್ಳಿನಲ್ಲಿ ಇಬ್ಬರೂ ಗೆದ್ದಿದ್ದರು. ಅಥವಾ ಅದು ನಿಜವೇ ಇದ್ದಿರಬಹುದು, ನನಗೇನು ಗೊತ್ತು?

ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿಗೆ ವಾಸನೆ ಹೊಡೆಯಿತು. ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದೆ. ಕೂಗಾಡುತ್ತಾಳೆಂದು ಕಾದೆ. ಅವಳು ಅಕ್ಕಿ ಆರಿಸುತ್ತಲೇ ಮೆಲ್ಲಗೆ ಕೇಳಿದಳು: "ಎರಡರಲ್ಲಿ ನಿಮಗೆ ಯಾವುದು ಚೆನ್ನಾಗಿತ್ತು?"

"ಬಲಗಡೆಯದು" ಎಂದುಬಿಟ್ಟೆ.

ಹೇಳಿದ ಮೇಲೆ ಹೆದರಿದೆ. ಎರಡೂ ಬೆಂಕಿಯೇ, ನಿಜ. ಆದರೆ ಬಲಗಡೆಯದು ಸ್ವಲ್ಪ ಮರ್ಯಾದಸ್ಥ ಬೆಂಕಿಯಾಗಿತ್ತು. ದುಬಾರಿಯದೇ ಚೆನ್ನಾಗಿರುವುದಾದರೆ ಮೇಜರ್ ಸಾಹೇಬರು ಬಲಗಡೆಯ ಗ್ಲಾಸಿನಲ್ಲಿ ಅನಾಥರಾಗಿ ಕುಳಿತಿದ್ದರೇ? ಪ್ರಯೋಗದ ಫಲಿತಾಂಶವನ್ನು ಒಂದೇ ಸಲಕ್ಕೆ ನಂಬಬಾರದು, ಇನ್ನೊಮ್ಮೆ ಮಾಡಿ ನೋಡಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಈ ಒಂದು ಪ್ರಯೋಗವನ್ನು ಮಾತ್ರ ಮತ್ತೆ ಮಾಡಲಿಲ್ಲ. ಅದನ್ನು ಜನ ನನ್ನ ಸಂಯಮ ಎಂದುಕೊಂಡಿದ್ದಾರೆ. ನಿಜವಾದ ಭಯ ಬೇರೆ. ಎರಡನೆಯ ಸಲವೂ ಬಲಗಡೆಯದೇ ಚೆನ್ನಾಗಿದೆ ಎನ್ನಿಸಿಬಿಟ್ಟಿದ್ದರೆ, ಮೂರನೆಯ ಸಲ ಖಾತ್ರಿ ಮಾಡಿಕೊಳ್ಳದೆ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ನನ್ನನ್ನು ಬಿಡುತ್ತಿರಲಿಲ್ಲ.