ಗೇಟಿನ ಹೊರಗಿನ ಸಂತರು

ನಮ್ಮ ಚಿಕ್ಕಪ್ಪ ಒಬ್ಬ ಸಂತರು. ಇದು ನನ್ನ ಮಾತಲ್ಲ, ಅವರೇ ಹೇಳಿಕೊಳ್ಳುವುದು!

ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಬಿಡಿಭಾಗಗಳಲ್ಲಿ ತಪ್ಪು ಹುಡುಕಿದ ಕಣ್ಣು ಸುಮ್ಮನಿರುತ್ತದೆಯೇ? ಈಗ ಚಿಕ್ಕಮ್ಮನ ಭಕ್ತಿಯಲ್ಲಿ ಹುಡುಕುತ್ತಾರೆ. ಅವರು ಸಂತರಿಗೆ ಮೊರೆಯಿಡದ ಪ್ರಾಟೆಸ್ಟೆಂಟ್, ಚಿಕ್ಕಮ್ಮ ನಮ್ಮ ಹಾಗೆ ಸಂತರನ್ನು ಬೇಡಿಕೊಳ್ಳುವ ಕ್ಯಾಥೊಲಿಕ್.

"ಬೈಬಲ್‌ನಲ್ಲಿ ನಂಬಿದವರೆಲ್ಲರನ್ನೂ ಸಂತರು ಅಂತಾನೇ ಕರೆದಿರೋದು. ಹಾಗಾದ್ರೆ ನಾನೂ ಸಂತನೇ!"

"ಸಂತರೇ, ಹಾಸಿಗೆ ಮೇಲಿರೋ ಒದ್ದೆ ಟವಲ್ ಎತ್ತಿ," ಎನ್ನುತ್ತಾಳೆ ಚಿಕ್ಕಮ್ಮ.

"ದೇವರ ಹತ್ರ ನೇರವಾಗಿ ಮಾತಾಡೋದು ಬಿಟ್ಟು ಮಧ್ಯೆ ಶಿಫಾರಸು ಯಾಕೆ?"

"ಜ್ವರ ಬಂದಾಗ ನೀವು ಪಾಸ್ಟರಿಗೆ ಫೋನ್ ಮಾಡಿ ನನಗೋಸ್ಕರ ಪ್ರೇಯರ್ ಮಾಡಿ ಅನ್ನಲ್ವಾ? ನಾನೂ ಸಂತರನ್ನ ಕೇಳೋದು ಅಷ್ಟೇ ರೀ."

"ಪಾಸ್ಟರು ಬದುಕಿದ್ದಾರೆ ಕಣೇ!"

"ಸಂತರು ದೇವರ ಹತ್ರ ಬದುಕಿಲ್ಲ ಅಂತ ನಿಮಗ್ಯಾರು ಹೇಳಿದ್ದು?"

ಇಲ್ಲಿಗೆ ಚಿಕ್ಕಪ್ಪನಿಗೆ ಕಾಫಿ ನೆನಪಾಗುತ್ತದೆ.

ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವವರು ಸಂತ ಅಂತೋಣಿ. ಒಮ್ಮೆ ಚಿಕ್ಕಪ್ಪನ ಕನ್ನಡಕ ಕಾಣೆಯಾಯಿತು. ಮನೆಯೆಲ್ಲ ಜಾಲಾಡಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಫ್ಯಾನಿಗೆ ಹೇಳುವವರಂತೆ, "ಕನ್ನಡಕ ಸಿಗ್ತಾ ಇಲ್ಲ," ಎಂದು ಗಟ್ಟಿಯಾಗಿ ಸಾರಿದರು. ಚಿಕ್ಕಮ್ಮ ಶಿಲುಬೆಯ ಗುರುತು ಮಾಡಿಕೊಂಡು ಅಂತೋಣಿಯವರಿಗೆ ಹೇಳಿಕೊಂಡಳು. ಹತ್ತು ನಿಮಿಷದಲ್ಲಿ ಕನ್ನಡಕ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ಸಿಕ್ಕಿತು!

"ನೀವು ಕೇಳಿದ್ರಲ್ಲ, ಅವರು ಕೊಟ್ರು!"

"ನಾನ್ಯಾರನ್ನೂ ಕೇಳ್ಲಿಲ್ಲ. ಹೆಂಡತಿಗೆ ವಿಷಯ ತಿಳಿಸಿದೆ, ಅಷ್ಟೇ."

ಪ್ರತಿ ಮಂಗಳವಾರ ಶಿವಾಜಿನಗರದ ಕಡೆಯ ಚರ್ಚಿನಲ್ಲಿ ಅಂತೋಣಿಯವರ ನವೇನ ಪ್ರಾರ್ಥನೆ. ಚಿಕ್ಕಪ್ಪನೇ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುತ್ತಾರೆ. ಆದರೆ ಒಳಗೆ ಕಾಲಿಡುವುದಿಲ್ಲ! ಗೇಟಿನ ಹೊರಗೆ ಕಡಲೆಕಾಯಿ ತಿನ್ನುತ್ತಾ ಸಿದ್ಧಾಂತ ಕಾಯುತ್ತಾರೆ.

ಕಳೆದ ವರ್ಷ ಚಿಕ್ಕಮ್ಮನಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಅದರ ಹಿಂದಿನ ದಿನ ಮಂಗಳವಾರ. "ನನ್ನ ಬದಲು ಒಂದು ಮೇಣದಬತ್ತಿ ಹಚ್ಚಿ ಬಾ," ಎಂದು ಆಸ್ಪತ್ರೆಯಿಂದ ನನ್ನನ್ನು ಕಳಿಸಿದಳು. ಗೇಟಿನ ಹೊರಗೆ ಚಿಕ್ಕಪ್ಪನ ಸ್ಕೂಟರಿತ್ತು, ಚಿಕ್ಕಪ್ಪ ಇರಲಿಲ್ಲ.

ಒಳಗೆ, ಅಂತೋಣಿಯವರ ಪ್ರತಿಮೆಯ ಎದುರು, ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ನೋಡಿ ಸ್ವಾಮಿ, ನಾನು ಪ್ರಾರ್ಥನೆ ಮಾಡ್ತಿಲ್ಲ. ಅವಳಿಗೆ ಈ ವಾರ ಬರೋಕಾಗಲ್ಲ. ಅದನ್ನ ತಿಳಿಸೋಕೆ ಬಂದೆ, ಅಷ್ಟೇ."

ತಿರುಗಿ ಎರಡು ಹೆಜ್ಜೆ ಇಟ್ಟವರು ಮತ್ತೆ ನಿಂತರು.

"ಕಳೆದುಹೋದದ್ದನ್ನ ಹುಡುಕಿಕೊಡ್ತೀರಂತೆ. ಇವಳನ್ನ ಕಳೆದುಹೋಗೋಕೇ ಬಿಡಬೇಡಿ."

ನಾನು ಮೇಣದಬತ್ತಿ ಹಚ್ಚದೆಯೇ ಹಿಂದೆ ಸರಿದೆ. ಹೊರಗೆ ಬಂದು, ಅವರು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತು ಅತ್ತುಬಿಟ್ಟೆ.