ಗೋಧಿಯಿಲ್ಲದ ಮನೆಯಲ್ಲಿ ಬೇಕರಿ ಮಾಸ್ಟರ್

"ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಕೇಕ್ ತಿನ್ನಿಸಿದ ಕೈ ಇದು. ಸ್ವಂತ ಮಗಳಿಗೆ ಗೋಧಿಯಿಲ್ಲದ ಒಂದು ಕೇಕ್ ಮಾಡೋಕೆ ಆಗಲ್ವಾ ಇದಕ್ಕೆ?" ಎಂದು ಬೇಕರಿ ಮಾಸ್ಟರ್ ಊಟದ ಮೇಜಿನ ಮೇಲೆ ಬಲಗೈಯನ್ನು ಅಂಗಾತ ಇಟ್ಟು, ಸಾಕ್ಷಿ ಹಾಜರುಪಡಿಸಿದವರಂತೆ ಎಲ್ಲರ ಮುಖ ನೋಡಿದರು.

ಹೆಂಡತಿ ನೋಡಿದ್ದು ಕೈಯನ್ನು. ಉಗುರಿನ ಸಂದಿಯಲ್ಲಿ ಬೆಳ್ಳಗೆ ಏನೋ ಇತ್ತು. "ಮೊದಲು ಅದನ್ನ ಮೇಜಿನ ಮೇಲಿಂದ ತೆಗೀರಿ," ಎಂದರು.

ಆ ಮನೆಯ ಕಾನೂನೇ ಹಾಗೆ. ಎಂಟು ವರ್ಷದ ಮಗಳಿಗೆ ಗೋಧಿಯಲ್ಲಿರುವ ಗ್ಲುಟನ್ ಆಗುವುದಿಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಚೂರು ಬ್ರೆಡ್ಡಿನ ಪುಡಿ ಹೊಟ್ಟೆಗೆ ಹೋದರೂ ಮಗು ಮೂರು ದಿನ ಮುದುಡಿ ಮಲಗುತ್ತಿತ್ತು. ಇಂಥ ಮಗುವನ್ನು ಕಳಿಸಲು ವಿಧಿಗೆ ಊರಿನಲ್ಲಿ ಬೇರೆ ಮನೆಯೇ ಸಿಗಲಿಲ್ಲ, ಹುಡುಕಿ ಹುಡುಕಿ ಬೇಕರಿ ಮಾಸ್ಟರ ಮನೆಗೇ ಕಳಿಸಿತ್ತು. ಅಂದಿನಿಂದ ಮಾಸ್ಟರ್ ಕೆಲಸದ ಬಟ್ಟೆಯನ್ನು ಬಾಗಿಲಾಚೆಯ ಬಕೆಟ್ಟಿಗೆ ಹಾಕಿ, ಸ್ನಾನ ಮುಗಿಸಿ, ಆಮೇಲೆ ಮಗಳನ್ನು ಮುಟ್ಟುತ್ತಿದ್ದರು. ಅಡುಗೆಮನೆಯ ಒಂದೊಂದು ಡಬ್ಬಕ್ಕೂ ಮಗಳೇ ಸ್ಟಿಕ್ಕರ್ ಅಂಟಿಸಿದ್ದಳು. ಹಸಿರಾದರೆ ತಿನ್ನಬಹುದು, ಕೆಂಪಾದರೆ ಮುಟ್ಟಬಾರದು. ಮನೆಯಲ್ಲಿ ಅವಳಿಗೆ ಇನ್ಸ್‌ಪೆಕ್ಟರ್ ಎಂದೇ ಹೆಸರು.

ಬೇರೆ ಮಕ್ಕಳ ಹುಟ್ಟುಹಬ್ಬಕ್ಕೆ ಹೋದಾಗಲೆಲ್ಲ ಇನ್ಸ್‌ಪೆಕ್ಟರ್ ಮನೆಯಿಂದ ಒಯ್ದ ಡಬ್ಬ ತೆರೆದು ಒಂದು ಮೂಲೆಯಲ್ಲಿ ತಿನ್ನುತ್ತಿದ್ದಳು. ಈ ಸಲ ತನ್ನದಕ್ಕೆ ಅವಳು ಕೇಳಿದ್ದು ಒಂದೇ. "ಎಲ್ಲರೂ ಒಂದೇ ಕೇಕ್ ತಿನ್ಬೇಕಪ್ಪ. ನಾನೂ ಅದನ್ನೇ." ಊರಿನ ಮಕ್ಕಳೆಲ್ಲ ತಿನ್ನುವ ಕೇಕನ್ನು ತಮ್ಮ ಮಗಳು ಗಾಜಿನಾಚೆಯಿಂದ ನೋಡುವುದು ಮಾಸ್ಟರಿಗೆ ಸಹಿಸಲಾರದ ಸಂಕಟವಾಗಿತ್ತು. ಊಟದ ಮೇಜಿನ ಮುಂದಿನ ಆ ಜಂಬ ಹುಟ್ಟಿದ್ದು ಆ ಸಂಕಟದಿಂದ.

ಸಾಮಾನು ತರಲು ಅಪ್ಪ ಮಗಳು ಅಂಗಡಿಗೆ ಹೋದರು. ಮಾಸ್ಟರ್ ಒಂದು ಪೊಟ್ಟಣ ಎತ್ತಿ, "ಶುದ್ಧ ಅಕ್ಕಿ ಹಿಟ್ಟು ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಇನ್ನೇನು ಬೇಕು?" ಎಂದು ಬುಟ್ಟಿಗೆ ಹಾಕಿದರು. ಇನ್ಸ್‌ಪೆಕ್ಟರ್ ಅದನ್ನು ತೆಗೆದು ತಿರುಗಿಸಿ, ತೀರಾ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ 'ಗೋಧಿಯ ಅಂಶ ಇರಬಹುದು' ಎಂದಿತ್ತು.

"ಮುಂದೆ ಬರೆಯೋದು ಅವರಿಗೆ ಹೇಳ್ಬೇಕು ಅನ್ಸಿದ್ದು ಅಪ್ಪ. ನಿಜ ಬರೆಯೋದು ಹಿಂದೆ."

ಹಿಟ್ಟಿನ ವಿಷಯದಲ್ಲಿ ಮಾಸ್ಟರಿಗೆ ಬುದ್ಧಿ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವರು ಪೊಟ್ಟಣವನ್ನು ಶೆಲ್ಫಿಗೆ ವಾಪಸ್ಸಿಟ್ಟರು. ಒಂದು ಗಂಟೆ ಓದಿದ ಮೇಲೆ ಬುಟ್ಟಿಯಲ್ಲಿ ನಾಲ್ಕು ಪೊಟ್ಟಣ ಉಳಿದವು.

ಅಲ್ಲಿಂದ ಪ್ರಯೋಗಗಳು ಶುರುವಾದವು. ಅಕ್ಕಿ ಹಿಟ್ಟಿಗೆ ಜಿಗುಟಿಲ್ಲ, ಅದು ಮಾಸ್ಟರ ಮಾತು ಕೇಳಲಿಲ್ಲ. ಮೊದಲ ಭಾನುವಾರದ ಕೇಕ್ ನಡುವೆ ಕುಸಿದು ಬೋಗುಣಿಯಾಯಿತು. ಎರಡನೆಯದು ಕುಸಿಯಲಿಲ್ಲ. ಅದನ್ನು ಕುಸಿಯುವಂತೆ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಎರಡು ದಿನ ಅದು ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ತಡೆಯಿತು. ಮೂರನೆಯ ವಾರ ಮೆಕ್ಕೆಜೋಳದ ಪಿಷ್ಟ ಬೆರೆಸಿ, ಮೊಟ್ಟೆ ಹೆಚ್ಚಿಸಿದಾಗ ಕೇಕ್ ಕೇಕಿನಂತೆ ನಿಂತಿತು. ಮಾಸ್ಟರ್ ಬೀಗಿದರು. ಹೆಂಡತಿಯ ಹೂವಿನ ಏಪ್ರನ್ ಕಟ್ಟಿಕೊಂಡು ಇಷ್ಟು ಮಾಡಿದ ತಾನು, ಸ್ವಂತ ಏಪ್ರನ್ ಕಟ್ಟಿದರೆ ಇನ್ನೆಷ್ಟು ಮಾಡಿಯೇನು ಎಂಬ ಆಲೋಚನೆ ಅವರಿಗೆ ಬಂದದ್ದು ಆಗಲೇ.

ಅಂಗಡಿಯಿಂದ ಹೊಚ್ಚಹೊಸ ಬಿಳಿ ಏಪ್ರನ್ ಬಂತು. ಮನೆಗೆ ಒಯ್ಯುವ ಮುಂಚೆ ಅಳತೆ ಸರಿಯಿದೆಯೇ ಎಂದು ಮಾಸ್ಟರ್ ಬೇಕರಿಯಲ್ಲೇ ಅದನ್ನು ಒಂದು ನಿಮಿಷ ಕಟ್ಟಿ ನೋಡಿದರು. ಒಂದೇ ನಿಮಿಷ.

ಹುಟ್ಟುಹಬ್ಬದ ಮಧ್ಯಾಹ್ನ ಅಡುಗೆಮನೆ ಆಸ್ಪತ್ರೆಯಷ್ಟು ಶುಚಿಯಾಗಿತ್ತು. ಹೆಂಡತಿ ಟಿನ್ನನ್ನು ಮೂರು ಸಲ ತೊಳೆದಿದ್ದರು, ಮಾಸ್ಟರನ್ನು ಎರಡು ಸಲ ಸ್ನಾನಕ್ಕೆ ಕಳಿಸಿದ್ದರು. ಮಾಸ್ಟರ್ ಹೊಸ ಏಪ್ರನ್ ಕಟ್ಟಿ ಕಣಕ್ಕಿಳಿದರು. ಬೆಣ್ಣೆ ಸಕ್ಕರೆ ನೊರೆಯಾಗಿ, ಮೊಟ್ಟೆ ಸೇರಿ, ಹಿಟ್ಟು ಬಿದ್ದು, ಮುಕ್ಕಾಲು ಗಂಟೆಯಲ್ಲಿ ಓವನ್ನಿನಿಂದ ಹೊಂಬಣ್ಣದ ಎತ್ತರದ ಕೇಕ್ ಹೊರಬಂತು. ತಟ್ಟೆಯ ಮೇಲೆ ಬೋರಲು ಹಾಕಿದರೆ ಟಿನ್ನಿಗೆ ಒಂದು ಚೂರೂ ಅಂಟಿರಲಿಲ್ಲ.

"ನೋಡಿದ್ಯಾ ಇನ್ಸ್‌ಪೆಕ್ಟರೇ, ಹೇಗೆ ಬಿಟ್ಕೊಂಡು ಬಂತು."

ಇನ್ಸ್‌ಪೆಕ್ಟರ್ ಕೇಕಿನ ಸುತ್ತ ಒಂದು ಸುತ್ತು ಬಂದಳು. "ಅಂಚಲ್ಲಿ ಬೆಳ್ಳಗಿರೋದು ಏನಪ್ಪ?"

"ಅಂಟದೇ ಇರಲಿ ಅಂತ ಟಿನ್ನಿಗೆ ಉದುರಿಸಿದ ಹಿಟ್ಟು."

"ಯಾವ ಹಿಟ್ಟು?"

"ಇನ್ಯಾವುದು, ಅಕ್ಕಿ ಹಿಟ್ಟು."

"ಅಕ್ಕಿ ಹಿಟ್ಟಿನ ಡಬ್ಬ ನನ್ನ ಹತ್ರಾನೇ ಇತ್ತು. ನೀನು ಕೇಕಿಗೆ ಅಳೆದು ಡಬ್ಬ ವಾಪಸ್ ಕೊಟ್ಟ ಮೇಲೆ ನಾನು ಮುಚ್ಚಳ ಹಾಕಿ ಅದರ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಆಮೇಲೇ ಅಲ್ವಾ ನೀನು ಟಿನ್ ತಗೊಂಡಿದ್ದು?"

ಮಾಸ್ಟರ ಬಲಗೈ ಆಗ ಏಪ್ರನ್ನಿನ ಬಲಜೇಬಿನಲ್ಲಿತ್ತು. ಬೆರಳಿಗೆ ನುಣ್ಣಗೆ ಏನೋ ತಾಗಿತು.

ಬೇಕರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಅಭ್ಯಾಸ ಅದು. ಪ್ರತಿ ಸಲವೂ ಮೂಟೆಗೆ ಬಗ್ಗುವುದು ತಪ್ಪಲಿ ಎಂದು, ಏಪ್ರನ್ ಕಟ್ಟಿದೊಡನೆ ಮಾಸ್ಟರ್ ಬಲಜೇಬಿಗೆ ಒಂದು ಹಿಡಿ ಮೈದಾ ಸುರಿದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಕೈ ಆ ಕೆಲಸಕ್ಕೆ ಅವರನ್ನು ಕೇಳುವುದನ್ನೇ ಬಿಟ್ಟಿತ್ತು. ಅಳತೆ ನೋಡಿದ ಆ ಒಂದು ನಿಮಿಷದಲ್ಲೂ ಅದು ಕೇಳಿರಲಿಲ್ಲ. ಟಿನ್ನಿಗೆ ಉದುರಿಸುವಾಗಲೂ ಕೇಳಲಿಲ್ಲ.

ಅರ್ಧ ಗಂಟೆಯಲ್ಲಿ ಮಗಳ ಐದು ಜನ ಗೆಳತಿಯರು ಬರುವವರಿದ್ದರು. ಬಾಣಲೆಯಷ್ಟು ಅಗಲದ ಆ ಕೇಕಿನಲ್ಲಿ ಇದ್ದದ್ದು ಚಿಟಿಕೆ ಮೈದಾ. ಡಬ್ಬದಿಂದ ಮೊದಲೇ ಒಂದಿಷ್ಟು ಅಕ್ಕಿ ಹಿಟ್ಟು ತೆಗೆದಿಟ್ಟಿದ್ದೆ ಎಂದರೆ ಮುಗಿಯಿತು. ಮಾತು ಮಾಸ್ಟರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಗಳು ಕತ್ತೆತ್ತಿ ಅವರ ಮುಖವನ್ನೇ ನೋಡುತ್ತಿದ್ದಳು, ಪೊಟ್ಟಣದ ಹಿಂಭಾಗ ಓದುವಾಗಿನ ಅದೇ ಕಣ್ಣುಗಳಿಂದ.

"ಮೈದಾ," ಎಂದರು ಮಾಸ್ಟರ್.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮಗಳ ಕೈ ತೊಳೆಸಿ ಹೊರಗೆ ಕಳಿಸಿ, ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದರು. "ಏಪ್ರನ್ ಬಕೆಟ್ಟಿಗೆ, ಕೇಕ್ ಹೊರಗಿನ ಕಟ್ಟೆಗೆ, ನೀವು ಸ್ನಾನಕ್ಕೆ," ಎಂದರು.

"ಮಗು ಏನು ತಿನ್ನುತ್ತೆ ಈಗ?" ಎಂದು ಕೇಳುವಾಗ ಮಾಸ್ಟರ ದನಿ ಒಡೆಯಿತು. ಇನ್ನೊಂದು ವರ್ಷ, ಇನ್ನೊಂದು ಡಬ್ಬ, ಇನ್ನೊಂದು ಮೂಲೆ ಅವರ ಕಣ್ಣ ಮುಂದೆ ಬಂದವು.

ಹೆಂಡತಿ ಆಗಲೇ ಅಡುಗೆಕಟ್ಟೆ ಒರೆಸತೊಡಗಿದ್ದರು. "ನಿನ್ನೆ ನಾನೂ ಮಗಳೂ ಒಂದು ಕೇಕ್ ಮಾಡಿ ಮೇಲಿನ ಮನೆ ಟೀಚರ ಫ್ರಿಜ್ಜಲ್ಲಿ ಇಟ್ಟಿದ್ದೀವಿ. ಮಕ್ಕಳು ಅಲ್ಲೇ ತಿಂತಾರೆ."

ಮಾಸ್ಟರ್ ಬಾಗಿಲಾಚೆ ನಿಂತಿದ್ದ ಮಗಳ ಕಡೆ ತಿರುಗಿದರು. "ನನ್ನ ಮೇಲೆ ನಂಬಿಕೆ ಇರಲಿಲ್ವೇನೆ?"

"ನಿನ್ನ ಮೇಲೆ ಇದೆ ಅಪ್ಪ," ಎಂದಳು ಇನ್ಸ್‌ಪೆಕ್ಟರ್. "ನಿನ್ನ ಕೈ ಮೇಲೆ ಇರಲಿಲ್ಲ."

ಆ ದಿನದ ಮೂರನೆಯ ಸ್ನಾನ ಮುಗಿಸಿ ಮಾಸ್ಟರ್ ಟೀಚರ ಮನೆಯ ಮೆಟ್ಟಿಲ ಮೇಲೆ ಕುಳಿತರು. ಒಳಗೆ ಆರು ಹುಡುಗಿಯರು ಒಂದೇ ಕೇಕಿನ ಸುತ್ತ ಗದ್ದಲ ಹಾಕುತ್ತಿದ್ದರು. ತಮ್ಮ ಮಗಳ ನಗು ಯಾವುದು ಎಂದು ಅವರಿಗೆ ಬೇರೆ ಮಾಡಿ ಕೇಳಲಾಗಲಿಲ್ಲ, ಅದೇ ಅವರಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಮಗಳು ಒಂದು ತುಂಡು ತಂದುಕೊಟ್ಟಳು. ನಡುವೆ ಬಿರುಕು, ಒಂದು ಕಡೆ ಸೀದಿತ್ತು, ಸಕ್ಕರೆ ಜಾಸ್ತಿ. ಬೇಕರಿಯಲ್ಲಿ ಇಂಥದ್ದನ್ನು ಮಾಡಿದವರನ್ನು ಮಾಸ್ಟರ್ ಮಾರನೆಯ ದಿನ ಪಾತ್ರೆ ತೊಳೆಯಲು ಹಾಕುತ್ತಿದ್ದರು. ಈಗ ಕಾಗದದ ತಟ್ಟೆಗೆ ಅಂಟಿದ್ದ ಪುಡಿಯನ್ನೂ ಬೆರಳಿನಿಂದ ಒತ್ತಿ ಒತ್ತಿ ತಿಂದರು.

ಮಗಳು ಜೇಬಿನಿಂದ ಒಂದು ಸ್ಟಿಕ್ಕರ್ ತೆಗೆದಳು. ನಿಜ ಹೇಳಿದ್ದಕ್ಕೆ ಹಸಿರು ಸಿಗಬಹುದೆಂದು ಮಾಸ್ಟರ್ ನೆಟ್ಟಗೆ ಕುಳಿತು ಎದೆ ಮುಂದೆ ಮಾಡಿದರು.

"ಆ ಕಡೆ ತಿರುಗು," ಎಂದಳು ಇನ್ಸ್‌ಪೆಕ್ಟರ್.

ಮಾಸ್ಟರ್ ತಿರುಗಿದರು. ಬೆನ್ನಿನ ಮೇಲೆ ಪುಟ್ಟ ಅಂಗೈ ಎರಡು ಸಲ ಒತ್ತಿತು. ಅದರಲ್ಲಿ ಏನಿದೆ ಎಂದು ಅವರು ಓದಿದ್ದು ಸಂಜೆ ಅಂಗಿ ಬಿಚ್ಚಿದಾಗ. ಸ್ಟಿಕ್ಕರ್ ಕೆಂಪಗಿತ್ತು, ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ 'ಗೋಧಿಯ ಅಂಶ ಇರಬಹುದು' ಎಂದು ಬರೆದಿತ್ತು.