ಖಾಲಿ ಕುರ್ಚಿ ಮತ್ತು ಹೊಸ ಪ್ರಿಂಟರ್

ಎಲ್ಲದಕ್ಕೂ ಮೂಲ ಒಂದು ಸ್ಟೇಪಲ್ ಪಿನ್ನು.

ಆರು ತಿಂಗಳ ಹಿಂದೆ ಕಚೇರಿಯ ಹಳೇ ಪ್ರಿಂಟರ್ ಕೆಮ್ಮಿ ಕೆಮ್ಮಿ ನಿಂತುಹೋಗಿತ್ತು. ಗುಮಾಸ್ತ ತನ್ನ ನೇಲ್‌ಕಟರಿನ ತುದಿಯನ್ನು ಅದರ ಬಾಯೊಳಗೆ ತೂರಿಸಿ, ಅಲ್ಲಿ ಸಿಕ್ಕಿಕೊಂಡಿದ್ದ ಪಿನ್ನನ್ನು ಹೊರಗೆಳೆದ. ಪ್ರಿಂಟರ್ ಗುರ್‌ರ್ ಎಂದಿತು. ಅಂದಿನಿಂದ ಕಚೇರಿಯಲ್ಲಿ ಎಲ್ಲರೂ ಅವನನ್ನು 'ಎಂಜಿನಿಯರ್' ಎಂದು ಕರೆಯತೊಡಗಿದರು. ನೀರಿನ ಮೀಟರುಗಳ ದೂರು ಬರೆದುಕೊಳ್ಳುವುದು ಅವನ ಕೆಲಸ. ಮೊದಲ ದಿನ ಬೇಡವೆಂದ. ಎರಡನೆಯ ದಿನ ಸುಮ್ಮನೆ ನಕ್ಕ. ಮೂರನೆಯ ದಿನ ಮನೆಗೆ ಹೋಗಿ ಹೆಂಡತಿ, ಮಗಳ ಮುಂದೆ ಹೇಳಿಕೊಂಡ. ಅವನು ಎಡವಿದ್ದು ಅಲ್ಲಿ.

ಅವತ್ತು ಬೆಳಿಗ್ಗೆ ಮಗಳು ಅಮ್ಮನ ಕೈಗೆ ಜಡೆ ಕೊಟ್ಟು ಕೂತಿದ್ದಳು. ಸಂಜೆ ಶಾಲೆಯಲ್ಲಿ ನಾಟಕ. ಅವಳು ಮೋಡ. ಅವಳಿಗಿದ್ದದ್ದು ಒಂದೇ ಮಾತು: "ತಡೀರಿ, ನಾನು ಬಂದೆ!" ಮೂರು ಸಲ ಅಭ್ಯಾಸದಲ್ಲಿ ಆ ಒಂದು ಮಾತೂ ಗಂಟಲಲ್ಲೇ ಉಳಿದಿತ್ತು.

"ಅಪ್ಪ, ನಾಲ್ಕು ಗಂಟೆ. ಮೂರನೇ ಸಾಲು. ನಾನು ಬೇರೆ ಯಾರನ್ನೂ ನೋಡಲ್ಲ, ನಿನ್ನನ್ನೇ ನೋಡ್ಕೊಂಡು ಹೇಳ್ತೀನಿ."

"ಬಂದೇ ಬರ್ತೀನಿ ಚಿನ್ನ."

"ನೀನು ಕಾಣಲಿಲ್ಲ ಅಂದ್ರೆ ನಂಗೆ ಮಾತೇ ಬರಲ್ಲ."

ಹೆಂಡತಿ ಬಾಚಣಿಗೆ ಎತ್ತಿ ಹಿಡಿದು ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಬಾಯಿಬಿಟ್ಟು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಮಗಳು ಹೊರಡುವ ಮುನ್ನ "ಅಪ್ಪ, ಪ್ರಿಂಟರ್ ಸದ್ದು ಮಾಡು" ಎಂದಳು. ಅವನು "ಟಕ್, ಟಕ್, ಗುರ್‌ರ್" ಎಂದ. ಅವಳು ನಕ್ಕಳು.

ಕಚೇರಿಯಲ್ಲಿ ಅವನ ಮೇಜಿನ ಮೇಲೆ ಹೊಸ ಪ್ರಿಂಟರ್ ಕೂತಿತ್ತು, ಹೇಳದೆ ಕೇಳದೆ ಬಂದ ಬೀಗರ ಹಾಗೆ. ಪಕ್ಕದಲ್ಲಿ ಸಾಹೇಬರು.

"ಎಂಜಿನಿಯರ್, ಇನ್ನು ಮೇಲೆ ಎಲ್ಲರಿಗೂ ಇದೊಂದೇ. ಎಂಟು ಕಂಪ್ಯೂಟರಿಗೂ ಸೇರಿಸಿಬಿಡಿ."

"ಸಾರ್, ಇವತ್ತು ನಾನು ಮೂರೂವರೆಗೆ..."

"ಎಂಟರಲ್ಲೂ ಕಾಗದ ಬರಲಿ, ಆಮೇಲೆ ಧಾರಾಳವಾಗಿ ಹೋಗಿ. ಅಲ್ಲೀವರೆಗೂ ಬಾಗಿಲ ಕಡೆ ನೋಡಬೇಡಿ."

ಪ್ರಿಂಟರ್ ತಂದುಕೊಟ್ಟವನು ಮೆಟ್ಟಿಲಿಳಿಯುತ್ತಲೇ ವಿದ್ಯೆ ಧಾರೆಯೆರೆದಿದ್ದ: "ನಿಮ್ಮ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, 'ಹಂಚಿಕೊಳ್ಳಿ' ಅಂತ ಒತ್ತಿ. ಉಳಿದೋರ ಕಂಪ್ಯೂಟರಲ್ಲಿ ಹುಡುಕಿದ್ರೆ ಇದರ ಹೆಸರು ಕಾಣುತ್ತೆ, ಸೇರಿಸ್ಕೊಳ್ಳಿ. ಮಕ್ಕಳಾಟ."

ಗುಮಾಸ್ತ ತಂತಿ ಸಿಕ್ಕಿಸಿದ, ಒತ್ತಿದ, ತನ್ನ ಕಂಪ್ಯೂಟರಿನಿಂದ ಒಂದು ಹಾಳೆ ಕಳಿಸಿದ. ಮಲ್ಲಿಗೆ ಬಿರಿದಂತೆ ಹಾಳೆ ಹೊರಗೆ ಬಂತು. ಹತ್ತೂವರೆಯೂ ಆಗಿರಲಿಲ್ಲ. ಇಷ್ಟೇ ತಾನೆ ಎಂದುಕೊಂಡು ಎದ್ದ.

ಈ ಕಚೇರಿಯಲ್ಲಿ ಏಳುವುದಕ್ಕೂ ಒಂದು ಕ್ರಮವಿತ್ತು. ಸಾಹೇಬರಿಗೆ ವಿದ್ಯುತ್ ಪೋಲಾದರೆ ಮೈಯೆಲ್ಲ ಉರಿ. ಪ್ರತಿ ಗೋಡೆಯ ಮೇಲೂ ಅವರೇ ಬರೆಸಿ ಹಾಕಿದ ಹಲಗೆ: 'ಕುರ್ಚಿ ಬಿಡುವ ಮುನ್ನ ಕಂಪ್ಯೂಟರ್ ಆರಿಸಿ.' ವರ್ಷಗಳಿಂದ ಅದು ಎಲ್ಲರ ಬೆರಳಿಗೇ ಅಂಟಿತ್ತು. ಕೈ ತೊಳೆಯಲು ಹೋದರೂ ಆರಿಸಿಯೇ ಹೋಗುವುದು. ಗುಮಾಸ್ತನೂ ಆರಿಸಿ, ಟಪಾಲು ನೋಡಿಕೊಳ್ಳುವ ಅಕ್ಕನ ಮೇಜಿಗೆ ಹೋದ.

ಹುಡುಕಿದ. ಪ್ರಿಂಟರ್ ಇಲ್ಲ. ಮತ್ತೆ ಹುಡುಕಿದ. 'ಸಿಗಲಿಲ್ಲ' ಎಂದಿತು ಪರದೆ.

"ಅಷ್ಟು ದೊಡ್ಡದು, ನನ್ನ ಕಣ್ಣಿಗೇ ಕಾಣ್ತಿದೆ. ಇದಕ್ಕೆ ಕಾಣಲ್ವಾ?" ಎಂದಳು ಟಪಾಲಕ್ಕ.

ಅವನು ಓಡಿಹೋಗಿ ತನ್ನ ಕಂಪ್ಯೂಟರ್ ಹಚ್ಚಿ ನೋಡಿದ. ಹಾಳೆ ಸಲೀಸಾಗಿ ಬಂತು. ಆರಿಸಿ ಅಕ್ಕನ ಬಳಿಗೆ ಓಡಿದ. ಸಿಗಲಿಲ್ಲ. ಪಕ್ಕದ ಮೇಜು ನೋಡಿದ. ಅಲ್ಲೂ ಇಲ್ಲ. ಹನ್ನೆರಡರ ಹೊತ್ತಿಗೆ ಅವನು ಎಂಟೂ ಮೇಜುಗಳನ್ನು ಎರಡೆರಡು ಸಲ ಸುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ತನ್ನ ಕುರ್ಚಿಯಲ್ಲಿ ಕೂತರೆ ಪ್ರಿಂಟರ್ ಹಸುವಿನಂತೆ ಸಾಧು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ.

ಉಗ್ರಾಣ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಯಾರಿಗೆ ಏನಾದರೂ ಸಲಹೆ ಅವರದೇ ಆದ್ದರಿಂದ ಎಲ್ಲರಿಗೂ ಅವರು 'ಮಾವ'. ಆಗಿನಿಂದ ಕೈಕಟ್ಟಿ ನೋಡುತ್ತಿದ್ದ ಮಾವ ಬಾಯಿಬಿಟ್ಟರು.

"ನೋಡಪ್ಪ, ಹೊಸದು. ಮುಖ ಪರಿಚಯ ಆಗಬೇಕು. ಈಗ ಅದಕ್ಕೆ ನೀನೊಬ್ಬನೇ ಗೊತ್ತು."

"ಅದೇನು ಹಸುವಾ ಮಾವ, ಮುಖ ನೋಡಿ ಹಾಲು ಕೊಡೋಕೆ?" ಟಪಾಲಕ್ಕ ಕೇಳಿದಳು.

"ನೀನು ನಗು. ಗೋಡೆ ಕಡೆ ತಿರುಗಿಸಿಟ್ಟಿದಾನೆ, ಅದಕ್ಕೆ ಯಾರು ಕಾಣಬೇಕು? ಇತ್ತ ತಿರುಗಿಸೋ."

ಅಷ್ಟು ಹೊತ್ತಿಗೆ ಗುಮಾಸ್ತನ ಬುದ್ಧಿ ಎಷ್ಟು ದಣಿದಿತ್ತೆಂದರೆ ಅವನು ತಿರುಗಿಸಿದ. ಆಮೇಲೆ ಮಾವನ ಮಾತಿಗೆ ಮೇಜನ್ನೂ ಸರಿಸಿದ. ಒಂದೂವರೆ ಆಯಿತು. ಎರಡಾಯಿತು. ಊಟದ ಡಬ್ಬಿ ತೆರೆಯಲೇ ಇಲ್ಲ. ಗೋಡೆಯ ಗಡಿಯಾರ ಅವನನ್ನು ಕಂಡಾಗಲೆಲ್ಲ ಒಂದು ಹೆಜ್ಜೆ ಹೆಚ್ಚು ಹಾಕುತ್ತಿರುವಂತೆ ತೋರಿತು. ಕಣ್ಣು ಮುಚ್ಚಿದರೆ ಮೂರನೇ ಸಾಲಿನಲ್ಲಿ ಒಂದು ಖಾಲಿ ಜಾಗ, ವೇದಿಕೆಯ ಮೇಲೆ ಬಾಯಿ ತೆರೆದು ನಿಂತ ಒಂದು ಪುಟ್ಟ ಮೋಡ.

ಮೂರು ಗಂಟೆಗೆ ಹೆಂಡತಿಯ ಫೋನು. "ಹೊರಟ್ರಾ?"

"ಹೊರಟ ಹಾಗೇ."

"ಹಾಗೇ ಅಂದ್ರೆ?"

ಉತ್ತರ ಕೊಡುವಷ್ಟರಲ್ಲಿ ಮಾವ ಅವನ ರಟ್ಟೆ ಹಿಡಿದು ಎಳೆದರು. "ಫೋನ್ ಇಡೋ, ಬಾ ಬಾ, ಈಗ ಹುಡುಕು. ನಂಗೊಂದು ಅನಿಸಿದೆ." ಆ ಎಳೆತದಲ್ಲಿ ಗುಮಾಸ್ತ ಜೀವಮಾನದಲ್ಲೇ ಮೊದಲ ಸಲ ಕಂಪ್ಯೂಟರ್ ಆರಿಸದೆ ಕುರ್ಚಿ ಬಿಟ್ಟ. ಅಕ್ಕನ ಮೇಜಿನಲ್ಲಿ ಹುಡುಕಿದ.

ಪ್ರಿಂಟರ್ ಸಿಕ್ಕಿತು!

ಹಾಳೆ ಬಂತು. ಟಪಾಲಕ್ಕ ಚಪ್ಪಾಳೆ ತಟ್ಟಿದಳು. "ನೋಡಿದ್ಯಾ, ಮೇಜು ಸರಿಸಿದ್ದು!" ಎಂದು ಮಾವ ಎದೆಯುಬ್ಬಿಸಿದರು. ಗುಮಾಸ್ತ ಎರಡನೆಯ ಮೇಜಿಗೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಹಾರಿದ. ಮೂರೂಕಾಲಿಗೆ ಏಳು ಕಂಪ್ಯೂಟರ್ ಮುಗಿದವು. ಉಳಿದದ್ದು ಸಾಹೇಬರದ್ದು. ಅವರ ಕೋಣೆಗೆ ಹೋಗಿ ಹುಡುಕಿದ.

ಸಿಗಲಿಲ್ಲ.

ಹೊರಗೆ ಬಂದು ನೋಡಿದರೆ ಏಳರಲ್ಲೂ ಪ್ರಿಂಟರ್ ಸತ್ತಿತ್ತು. ಅವನ ಮೇಜಿನ ಹತ್ತಿರ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ರೀ ಇದು? ಕುರ್ಚಿ ಖಾಲಿ, ಕಂಪ್ಯೂಟರ್ ಉರೀತಾ ಇದೆ! ಹಲಗೆ ಬರೆಸಿರೋದು ನೋಡೋಕಾ? ನಾನೇ ಆರಿಸಿದೆ."

ಗುಮಾಸ್ತ ಆರಿದ ಪರದೆಯನ್ನು ನೋಡಿದ. ಹಲಗೆಯನ್ನು ನೋಡಿದ. ಸಾಹೇಬರನ್ನು ನೋಡಿದ. ಬೆಳಗಿನಿಂದ ಕಟ್ಟಿದ್ದ ಮೂಗು ಒಮ್ಮೆಲೇ ಬಿಟ್ಟಂತೆ ಎಲ್ಲವೂ ತಿಳಿಯಿತು. ತಂತಿ ಇದ್ದದ್ದು ಅವನ ಕಂಪ್ಯೂಟರಿಗೆ. ಅದು ಮಲಗಿದರೆ ಎಲ್ಲರ ಪಾಲಿಗೂ ಪ್ರಿಂಟರ್ ಮಲಗಿದಂತೆ. ಇಡೀ ದಿನ ತನ್ನ ಕೈಯಿಂದಲೇ ಅದನ್ನು ಮಲಗಿಸಿ, ಊರೆಲ್ಲ ಹುಡುಕಿದ್ದ.

"ಸಾರ್, ಇದು ಉರೀತಾನೇ ಇರಬೇಕು. ಆರಿಸಿದ್ರೆ ಯಾರಿಗೂ ಕಾಗದ ಬರಲ್ಲ."

ಸಾಹೇಬರು ಹಲಗೆಯ ಕಡೆ ತಿರುಗಿದರು. "ಸರಿ. ಹಾಗಾದ್ರೆ ನೀವು ಕುರ್ಚಿ ಬಿಡಬೇಡಿ. ಮುಗೀತು."

"ಸಾರ್, ಮೂರೂವರೆ... ನನ್ನ ಮಗಳು ಮೋಡ..."

"ನಿಯಮ ಅಂದ್ರೆ ನಿಯಮ. ಖಾಲಿ ಕುರ್ಚಿ ಮುಂದೆ ಕಂಪ್ಯೂಟರ್ ಉರೀಬಾರದು."

ಗುಮಾಸ್ತನ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡ ಮಾವ ಬಂದು, ಅವನ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿದರು.

"ಎಲ್ಲಿದೆ ಸಾರ್ ಖಾಲಿ? ಉಗ್ರಾಣದಲ್ಲಿ ಕೂತ್ರೂ ತೂಕಡಿಸ್ತೀನಿ, ಇಲ್ಲಿ ಕೂತ್ರೂ ತೂಕಡಿಸ್ತೀನಿ. ಓಡೋ!"

ಗುಮಾಸ್ತ ಕಂಪ್ಯೂಟರ್ ಹಚ್ಚಿ, ಸಾಹೇಬರ ಕೋಣೆಗೆ ಹೋಗಿ ಎಂಟನೆಯದನ್ನೂ ಮುಗಿಸಿದ. ಹಾಳೆ ಬಂದದ್ದನ್ನು ಸಾಹೇಬರಿಗೆ ತೋರಿಸಿ ಅಲ್ಲಿಂದ ಓಡಿದ. ಆಗಲೇ ಹತ್ತು ನಿಮಿಷ ಕಮ್ಮಿ ನಾಲ್ಕು. ಬಸ್ಸು ಸಿಗಲಿಲ್ಲ. ಸಿಕ್ಕಿದ ಆಟೋ ಆಮೆಗೂ ದಾರಿ ಬಿಡುತ್ತಿತ್ತು. ಶಾಲೆಯ ಗೇಟು ದಾಟುವಾಗ ನಾಲ್ಕೂಕಾಲು. ಸಭಾಂಗಣದಿಂದ ಸದ್ದಿಲ್ಲ. ಮುಗಿದೇ ಹೋಯಿತೆಂದುಕೊಂಡು ಬಾಗಿಲಲ್ಲಿ ಇಣುಕಿದ.

ಪರದೆ ಇನ್ನೂ ಎದ್ದಿರಲಿಲ್ಲ! ಮೂರನೇ ಸಾಲಿನಲ್ಲಿ ಹೆಂಡತಿ ಪಕ್ಕದ ಜಾಗಕ್ಕೆ ಕೈಚೀಲ ಇಟ್ಟು ಕಾಯುತ್ತಿದ್ದಳು. ಅವನು ಕೂತ. ಕುರ್ಚಿಯ ಬೆನ್ನಿಗೆ ಒರಗಿದ. ಅವತ್ತು ಮೊದಲ ಸಲ ಉಸಿರು ಹೊಟ್ಟೆಯವರೆಗೂ ಇಳಿಯಿತು.

"ಯಾಕೆ ಇನ್ನೂ ಶುರುವಾಗಿಲ್ಲ?"

"ಮೊದಲು ಅತಿಥಿಗಳು ಮಕ್ಕಳಿಗೆ ಪ್ರಮಾಣಪತ್ರ ಕೊಡಬೇಕಂತೆ. ಅದು ಇನ್ನೂ ಪ್ರಿಂಟ್ ಆಗಿಲ್ಲ. ಅದೇನೋ ಪ್ರಿಂಟರ್..." ಎಂದವಳು ಗಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದಳು.

ತಡವಾಗಿತ್ತು. ಪರದೆಯ ಸಂದಿನಿಂದ ಹತ್ತಿಯ ಮೋಡವೊಂದು ಹೊರಬಂದು, ಮುಖ್ಯೋಪಾಧ್ಯಾಯಿನಿಯ ಸೆರಗು ಜಗ್ಗಿ, ಅವನತ್ತ ಬೆರಳು ಮಾಡಿತು. ಅಭ್ಯಾಸದಲ್ಲಿ ಏಳದ ದನಿ ಈಗ ಸಭೆಗೆಲ್ಲ ಕೇಳಿಸಿತು.

"ಮಿಸ್, ಅಲ್ಲಿದಾರೆ! ನಮ್ಮಪ್ಪ! ಪ್ರಿಂಟರ್ ಎಂಜಿನಿಯರ್!"

ಮುಖ್ಯೋಪಾಧ್ಯಾಯಿನಿ ಧಾವಿಸಿ ಬಂದರು. "ದೇವರ ಹಾಗೆ ಬಂದ್ರಿ ಸಾರ್. ಹಾಗಾದ್ರೆ ನಾಟಕಾನೇ ಮೊದಲು ಮಾಡಿಸಿಬಿಡ್ತೀನಿ. ಅಷ್ಟರಲ್ಲಿ ನೀವು ನಲವತ್ತೆರಡು ಪ್ರಮಾಣಪತ್ರ ತೆಗೆದುಬಿಡಿ."

"ಮೇಡಂ, ನಾಟಕ ಮುಗೀಲಿ, ಆಮೇಲೆ..."

"ಅತಿಥಿಗಳು ಐದಕ್ಕೆ ಹೊರಡ್ತಾರೆ. ಮಕ್ಕಳ ಮುಖ ನೋಡಿ ಸಾರ್."

ಅವನು ನೋಡಿದ. ಒಂದು ಮುಖ ಹೆಮ್ಮೆಯಿಂದ ಹೊಳೆಯುತ್ತಿತ್ತು. ಎದ್ದ.

ಸಭಾಂಗಣಕ್ಕೆ ಅಂಟಿದಂತೆ ಶಾಲೆಯ ಆಫೀಸು ಕೋಣೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಎರಡರಲ್ಲಿ 'ಸಿಗಲಿಲ್ಲ'. ತಂತಿ ಹಿಡಿದುಕೊಂಡು ಹೋದರೆ ಅದು ಸೇರಿದ್ದು ಮೂರನೆಯದಕ್ಕೆ, ಗುಲಗಂಜಿಯಷ್ಟೂ ಧೂಳಿಲ್ಲದ, ಅಚ್ಚುಕಟ್ಟಾಗಿ ಆರಿಸಿಟ್ಟ ಕಂಪ್ಯೂಟರಿಗೆ. ಹಚ್ಚಿದರೆ ಪಾಸ್‌ವರ್ಡ್ ಕೇಳಿತು.

"ಇದು ಯಾರದು?"

"ನಮ್ಮ ಗುಮಾಸ್ತರದ್ದು," ಎಂದಳು ಬಾಗಿಲಲ್ಲಿ ನಿಂತಿದ್ದ ಆಯಾ. "ಮೂರು ಗಂಟೆಗೇ ಓಡಿಹೋದ್ರು ಪಾಪ. ಫೋನೂ ಆಫ್ ಮಾಡಿದಾರೆ. ಮಗನ ಶಾಲೇಲಿ ಏನೋ ನಾಟಕವಂತೆ."

ಬಯ್ಯಲು ತೆರೆದ ಬಾಯಿ ಹಾಗೇ ಮುಚ್ಚಿತು. ಗುಮಾಸ್ತ ಮೇಜಿನಡಿ ತೂರಿ, ತಂತಿ ಬಿಚ್ಚಿ, ಮುಖ್ಯೋಪಾಧ್ಯಾಯಿನಿಯ ಕಂಪ್ಯೂಟರಿಗೆ ಸಿಕ್ಕಿಸಿದ. ಪ್ರಿಂಟರ್ ಕಣ್ಣು ಬಿಟ್ಟಿತು. ಆದರೆ ಪ್ರಮಾಣಪತ್ರದ ಕಾಗದ ರಟ್ಟಿನಷ್ಟು ದಪ್ಪ. ಒಂದೊಂದನ್ನೂ ಕೈಯಲ್ಲಿ ಹಿಡಿದು ತಿನ್ನಿಸಬೇಕು. ಒಂದು. ಎರಡು. ಗೋಡೆಯಾಚೆ ನಾಟಕ ಶುರುವಾಯಿತು. ಸೂರ್ಯ ಮಾತಾಡಿದ. ಮರ ಮಾತಾಡಿತು. ಒಂಬತ್ತು. ಹತ್ತು. ಒಣಗಿದ ನದಿ ಅತ್ತಿತು. ಇನ್ನು ಮೋಡ.

ನಿಶ್ಶಬ್ದ.

ಅವನು ಹನ್ನೊಂದನೆಯ ಹಾಳೆ ಹಿಡಿದು ಗೋಡೆಗೆ ಕಿವಿಯಿಟ್ಟ. ಈಗ ಅವಳು ಮೂರನೇ ಸಾಲು ನೋಡುತ್ತಿದ್ದಾಳೆ. ಅಲ್ಲಿ ಕೈಚೀಲವಿದೆ. ಯಾರೋ ಕೆಮ್ಮಿದರು. ಏನು ಮಾಡಲೂ ತೋಚದೆ ಅವನು ಹಾಳೆಯನ್ನು ಪ್ರಿಂಟರಿನ ಬಾಯಿಗಿಟ್ಟ. ಟಕ್, ಟಕ್, ಗುರ್‌ರ್ ಎಂದಿತು.

"ತಡೀರಿ, ನಾನು ಬಂದೆ!"

ಗೋಡೆ ನಡುಗುವಷ್ಟು ದೊಡ್ಡ ದನಿ. ಆಮೇಲೆ ಚಪ್ಪಾಳೆಯ ಮಳೆ. ಗುಮಾಸ್ತ ಯಾರದೋ ಪ್ರಮಾಣಪತ್ರದ ಮೇಲೆ ಬಿದ್ದ ಹನಿಯನ್ನು ತೋಳಿನಿಂದ ಒರೆಸಿದ.

ನಲವತ್ತೆರಡೂ ಮುಗಿದು, ಅತಿಥಿಗಳು ಹಂಚಿ ಹೋದ ಮೇಲೆ ಮೋಡ ಆಫೀಸು ಕೋಣೆಗೆ ಓಡಿಬಂದು ಅವನ ಕಾಲನ್ನು ತಬ್ಬಿಕೊಂಡಿತು.

"ನೀನು ಕಾಣಲೇ ಇಲ್ಲ ಅಪ್ಪ. ಹೆದರಿಕೆ ಆಯ್ತು. ಆಮೇಲೆ ಪ್ರಿಂಟರ್ ಸದ್ದು ಕೇಳಿಸ್ತು. ಓ, ಇಲ್ಲೇ ಇದಾನೆ ಅಂತ ಹೇಳಿಬಿಟ್ಟೆ."

ಅವನು ಅವಳ ಕೂದಲಿನ ಹತ್ತಿ ಬಿಡಿಸಿದ.

"ಅಪ್ಪ, ಮುಂದಿನ ನಾಟಕದಲ್ಲಿ ನಂಗೆ ಐದು ಮಾತು ಕೊಡ್ತಾರಂತೆ," ಎಂದಳು ಮಗಳು. "ನೀನು ಕುರ್ಚೀಲಿ ಕೂತ್ಕೋಬೇಡ, ಆಯ್ತಾ? ಇಲ್ಲೇ ಇರು. ಮಿಸ್‌ಗೂ ಹೇಳಿದೀನಿ."